ಬೀಬಿಯವರ ಹೊಂಡಕ್ಕೆ ಬಂದ ಗಿಡುಗ

ಗಿಡುಗ ಎದೆಯವರೆಗೆ ನೀರಿನಲ್ಲಿ ನಿಂತಿತ್ತು. ತಲೆ ಮುಳುಗಿಸಿ ಎತ್ತಿ, ರೆಕ್ಕೆ ಬಡಿದು ಬೆನ್ನ ಮೇಲೆ ನೀರು ಚಿಮ್ಮಿಸಿಕೊಳ್ಳುತ್ತಿತ್ತು. ಕೊಡ ಹೊತ್ತ ಅತ್ತೆಯೂ ನಾನೂ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟೆವು.

ಆ ಕಲ್ಲಿನ ಹೊಂಡ ಪಕ್ಕದ ಮನೆಯ ಫಾತಿಮಾ ಬೀಬಿಯವರದು. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮೇಲೆ ಅವರ ಮನೆಯವರೆಲ್ಲ ಸೇಡಂ ಬಿಟ್ಟು ಹೈದರಾಬಾದಿಗೆ ಹೋಗಿದ್ದರು. ಹೊರಡುವಾಗ ಬೀಬಿ ಅತ್ತೆಯ ಕೈ ಹಿಡಿದು, "ಅಕ್ಕಾ, ಹೊಂಡ ಒಣಗಿದ್ರ ಗಚ್ಚು ಬಿರೀತದ. ನಾವು ಬರೋತನಕ ನೀರು ಹಾಕ್ರಿ" ಅಂದಿದ್ದರು. ಬೇಸಿಗೆ ಬಂದರೂ ಅವರ ಸುದ್ದಿ ಇರಲಿಲ್ಲ. ಅತ್ತೆ ಮಾತ್ರ ದಿನಾ ನೀರು ಹಾಕುತ್ತಿದ್ದರು. ಹೆಂಗಸರು ಸ್ನಾನ ಮಾಡುವ ಜಾಗವೆಂದು ಮೊದಲಿನಂತೆಯೇ ಬಾಗಿಲಲ್ಲಿ ನಿಂತು, "ಬೀಬೀ, ನಾ ಬಂದೀನ್ರಿ" ಎಂದು ಕೂಗಿಯೇ ಒಳಗೆ ಕಾಲಿಡುತ್ತಿದ್ದರು. ಖಾಲಿ ಮನೆಗೆ ಕೂಗುವುದನ್ನು ಕೇಳಿ ನನಗೆ ಒಳಗೊಳಗೇ ನಗು.

ಅಂದು ಕೂಗಲು ತೆರೆದ ಅತ್ತೆಯ ಬಾಯಿ ಹಾಗೇ ಉಳಿಯಿತು. ಗಿಡುಗ ನಮ್ಮತ್ತ ಒಮ್ಮೆ ನೋಡಿ ಮತ್ತೆ ಮುಳುಗಿತು. ಅವಸರವಿಲ್ಲದೆ ಮಿಂದು, ಬೀಬಿ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೇಲೆ ಕುಳಿತು, ರೆಕ್ಕೆ ಒಣಗಿಸಿಕೊಂಡು ಹಾರಿಹೋಯಿತು. ಅಷ್ಟು ಹತ್ತಿರದಿಂದ ಕಂಡ ಖುಷಿಯಲ್ಲಿ ನಾನು ಅತ್ತೆಯತ್ತ ತಿರುಗಿದೆ. ಅವರು ಕೊಡ ಇಳಿಸಿ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದರು.

"ಮಂದಿ ಇರೋ ಮನ್ಯಾಗ ಅದು ಹಿಂಗ ಇಳೀತದೇನವಾ?" ಎಂದರು.

ಆ ಹೊಂಡಕ್ಕೆ ಆಮೇಲೂ ನೀರು ಹಾಕುತ್ತಲೇ ಇದ್ದೆವು. ಆದರೆ ಅತ್ತೆ ಬಾಗಿಲಲ್ಲಿ ನಿಂತು ಮತ್ತೆಂದೂ ಕೂಗಲಿಲ್ಲ. ಕೊಡ ಹೊತ್ತು ನೇರ ಒಳಗೆ ನಡೆದುಬಿಡುತ್ತಿದ್ದರು.