ನನಗೆ ನಾನೇ ಕಳಿಸಿಕೊಂಡ ಮೇಲ್‌ಗಳು

ನಮ್ಮ ಮನೆಗೆ ರೇಷನ್ ಕಾರ್ಡು ಒಂದು, ಬೋರ್‌ವೆಲ್ ಒಂದು, ಇಮೇಲೂ ಒಂದೇ. ಅದು ನನ್ನದು, ಮದುವೆಗೆ ಮುಂಚೆ ಮಾಡಿಸಿದ್ದು. ಸರ್ಕಾರಿ ಅರ್ಜಿ ಹಾಕುವ ತಾಳವಾಡಿಯ ಇ-ಸೇವೈ ಸೆಂಟರಿನಲ್ಲಿ ಮೇಲ್ ಐಡಿ ಕೇಳಿದರೆ ಮಾವ, ಮೈದುನ, ಓರಗಿತ್ತಿ ಎಲ್ಲರೂ ಕಣ್ಣು ಮುಚ್ಚಿಕೊಂಡು ನನ್ನದನ್ನೇ ಕೊಟ್ಟು ಬರುತ್ತಾರೆ. ಟ್ರ್ಯಾಕ್ಟರ್ ಇನ್ಶೂರೆನ್ಸು, ಕರೆಂಟಿನ ಈಬಿ ಬಿಲ್ಲು, ಮೈದುನ ಎಂದೋ ವಿಚಾರಿಸಿದ ಹುಲ್ಲು ಕತ್ತರಿಸುವ ಯಂತ್ರದ ಜಾಹೀರಾತು, ಎಲ್ಲ ನನ್ನ ತಲೆಗೇ. ಕೊನೆಗೆ ಜಾಗ ತುಂಬಿ ಹೊಸ ಮೇಲ್ ಬರುವುದೇ ನಿಂತಿತು.

ಯಜಮಾನರಿಗೆ ಹುರುಪು ಬಂತು. ಒಂದು ಕರಿ ಡಬ್ಬಿ ತಂದು ವೈಫೈ ಪಕ್ಕ, ದೇವರ ಗೂಡಿನ ಕೆಳಗೆ ಇಟ್ಟರು. ಮನೆಯ ಎಲ್ಲ ಫೋನುಗಳ ಫೋಟೊ, ಮೇಲ್ ಕೂಡಿಡಲು ಇನ್ನು ಅದೇ ಕಣಜವಂತೆ. ಬೇಕಾದ ಮೇಲ್‌ಗಳನ್ನು ಅದರೊಳಗೆ ತುಂಬಿ ಅಕೌಂಟು ಖಾಲಿ ಮಾಡುವುದಂತೆ. ಅತ್ತೆ ಅದಕ್ಕೂ ವಿಭೂತಿ ಬಳಿದರು. ಕರೆಂಟು ಹೋದಾಗ ಫ್ಯಾನು ಆರಿಸಿ ಇನ್ವರ್ಟರಿನಲ್ಲಿ ಆ ಡಬ್ಬಿ ಓಡಿಸಿದ್ದನ್ನೂ ಸಹಿಸಿಕೊಂಡೆ.

ಆ ರಾಶಿಯಲ್ಲಿ ನನ್ನದು ಅಂತ ಇದ್ದದ್ದು ಒಂದೇ. ತವರೂರು ತಾಳಮಲೆಯಿಂದ ನಮ್ಮವ್ವ ಫೋನಿನಲ್ಲಿ ಆಡಿದ ಮಾತನ್ನು ಹಾಗೇ ಟೈಪ್ ಮಾಡಿ ನನಗೆ ನಾನೇ ಕಳಿಸಿಕೊಳ್ಳುತ್ತಿದ್ದೆ. ಬಾಳೆಗೆ ನುಗ್ಗಿದ ಆನೆಯಿಂದ ಹಿಡಿದು ಬೀಗರವರೆಗೆ ಅವ್ವನ ಬಾಯಿಗೆ ಸಿಕ್ಕವರು ಉಳಿಯುತ್ತಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಅವು ಅಲ್ಲಿವೆ ಅನ್ನುವುದೇ ನನಗೆ ಸಮಾಧಾನ.

ಯಜಮಾನರ ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಹುಡುಕಿದೆ. ಈಬಿ ಬಿಲ್ಲುಗಳು ವರ್ಷವಾರು ಕೂತಿದ್ದವು. ಹುಲ್ಲಿನ ಯಂತ್ರವೂ ಕ್ಷೇಮ. ಅವ್ವನ ಮಾತು ಒಂದೂ ಇಲ್ಲ. ಅಕೌಂಟಿನಲ್ಲೂ ಇಲ್ಲ.

"ಅದಾ? ಕಳ್ಸಿದ್ದೂ ನೀನೇ, ಬಂದಿದ್ದೂ ನಿನ್ಗೇ. ಅಂತದ್ನ ಮಡೀಕಂಡು ಏನ್ಮಾಡದು ಅಂತ ಅಳ್ಸಿ ಬುಟ್ಟೆ ಕಣಮ್ಮಿ. ಕಸದ್ ಬುಟ್ಟೀನೂ ಖಾಲಿ ಮಾಡ್ದೆ," ಎಂದರು ಯಜಮಾನರು, ದೊಡ್ಡ ಉಪಕಾರ ಮಾಡಿದವರ ಹಾಗೆ.

"ನಿಮ್ ಡಬ್ಬಿಗೆ ಬೆಂಕಿ ಬೀಳ! ಅದು ನಮ್ಮವ್ವನ ಮಾತು ಕಣ್ರೀ!" ಎಂದೆ. ಅಳು ನುಗ್ಗಿ ಬಂತು.

ಅವರ ಮುಖ ಸಣ್ಣದಾಯಿತು. ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರು. "ನಿಮ್ಮವ್ವ ಏನೇನ್ ಅಂದಿತ್ತು ಏಳಮ್ಮಿ, ಈಗ್ಲೇ ಬರ್ಕತೀನಿ. ಎರಡ್ ಕಡೆ ಮಡುಗ್ತೀನಿ."

"ಬರ್ಕಳಿ," ಎಂದೆ. "‘ನಿನ್ ಗಂಡ ಒಳ್ಳೆವ್ರೇ ಕಣ್ಮಗ. ಅವ್ರ್ ಕೈಗೆ ಮಾತ್ರ ಏನೂ ಕೊಡ್ಬ್ಯಾಡ.’"

ಒಂದಕ್ಷರ ಬಿಡದೆ ಬರೆದುಕೊಂಡು, "ಇನ್ನೊಂದು?" ಎಂದರು.

ಬಾಯಿ ತೆರೆದೆ. ಇನ್ನೊಂದು ಬರಲಿಲ್ಲ. ಬರೆದಿಟ್ಟಿದ್ದೇನಲ್ಲ ಅನ್ನುವ ಧೈರ್ಯದಲ್ಲಿ ಅವ್ವನ ಉಳಿದ ಮಾತನ್ನೆಲ್ಲ ನಾನು ಯಾವತ್ತೋ ಮರೆತುಬಿಟ್ಟಿದ್ದೆ.