ಹೊಟ್ಟೆನೋವು ಅಂದ ಎರಡು ವರ್ಷ

ಹೊಸನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಊರಿನ ಅರ್ಧ ಹೆಂಗಸರ ಮೈಯಳತೆ ನನ್ನ ನೋಟ್‌ಬುಕ್ಕಿನಲ್ಲಿದೆ. ಟೇಪು ಹಿಡಿದು "ನೆಟ್ಟಗೆ ನಿಲ್ಲೇ" ಎಂದು ಗದರುವವಳು ನಾನು. ಅಂಥವಳಿಗೆ ಯೋನಿಯ ಹೊರತುಟಿಯಲ್ಲಿ ಗಂಟೊಂದು ಬೆಳೆದಾಗ ಬಾಯಿ ಕಟ್ಟಿಹೋಯಿತು. ಡಾಕ್ಟರ ಮುಂದೆ ಕೂತು "ಹೊಟ್ಟೆನೋವು" ಎಂದೆ. ನಮ್ಮ ಕಡೆ ಸೊಂಟದ ಕೆಳಗಿನದ್ದಕ್ಕೆಲ್ಲ ಹೆಂಗಸರು ಹೇಳುವ ಸುಳ್ಳು ಅದೇ. ಎರಡು ವರ್ಷ ಗ್ಯಾಸಿನ ಮಾತ್ರೆ ನುಂಗಿದೆ. ತೀರ್ಥಹಳ್ಳಿಗೆ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರೆ ಎಲ್ಲ ಸರಿ ಇದೆ ಎಂದರು. ಇರದೆ ಇನ್ನೇನು, ಹೊಟ್ಟೆ ಸರಿಯಾಗಿಯೇ ಇತ್ತು!

ಕೊನೆಗೆ ಮಷಿನ್ನಿನ ಮುಂದೆ ಕೂರಲಾಗದೆ ನಿಂತೇ ಬಟ್ಟೆ ಕತ್ತರಿಸತೊಡಗಿದೆ; ಹೊಲಿಯಬೇಕಾದದ್ದು ರಾಶಿ ಬಿತ್ತು. ಅತ್ತೆ "ಎಂತ ಹೊಟ್ಟೆನೋವೇ ನಿಂದು, ಎಲ್ಲ ಹೆಂಗಸರಿಗೂ ಇರೋದೇ" ಎಂದು ರೇಗಿದರು. ಆ ಸಿಟ್ಟಿನಲ್ಲೇ ಸಾಗರದ ಬಸ್ಸು ಹತ್ತಿದೆ. ಅಲ್ಲಿನ ಲೇಡಿ ಡಾಕ್ಟರು ನನ್ನ ಸುಳ್ಳನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಹತ್ತಿ ಮಲಗಿ, ನೋಡೋಣ." ಒತ್ತಿ ನೋಡಿ, "ನೀರುಗುಳ್ಳೆ ಅಂದ್ಕೊಂಡೆ, ಇದು ಗಟ್ಟಿ ಇದೆ. ತೆಗೆದು ಪರೀಕ್ಷೆಗೆ ಕಳಿಸ್ಬೇಕು" ಎಂದರು.

"ಕ್ಯಾನ್ಸರಾ?"

"ರಿಪೋರ್ಟ್ ಬರದೆ ಹೇಳೋಕಾಗಲ್ಲ."

ಮನೆಯಲ್ಲಿ ಸಣ್ಣ ಆಪರೇಷನ್ ಎಂದಷ್ಟೇ ಹೇಳಿದ್ದೆ. ತೆಗೆದ ಗಡ್ಡೆ ಬಾಟಲಿಯೊಳಗೆ ಶಿವಮೊಗ್ಗಕ್ಕೆ ಹೋಯಿತು, ನಾನು ಮನೆಗೆ ಬಂದೆ. ಕೂತರೆ ಹೊಲಿಗೆ ಎಳೆಯುತ್ತದೆ, ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆ. ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ತಿರುಗಿದ್ದೇ ತಿರುಗಿದ್ದು. ಬ್ಲೌಸ್ ಆಯ್ತಾ ಎಂದು ಫೋನ್ ಮಾಡಿದವರಿಗೆಲ್ಲ ಬೈದೆ. ಮಗಳ ಪರೀಕ್ಷೆ ಮುಗಿಯುವವರೆಗಾದರೂ ಇರುತ್ತೇನಾ ಎಂದುಕೊಂಡು ಅಳು ಬರುತ್ತಿತ್ತು.

ಹತ್ತನೇ ದಿನ ಡಾಕ್ಟರೇ ಫೋನ್ ಮಾಡಿದರು. "ಕ್ಯಾನ್ಸರಲ್ಲ ಕಣ್ರೀ. ಸ್ನಾಯುವಿನ ಗಡ್ಡೆ, ಆ ಜಾಗದಲ್ಲಿ ಬಹಳ ಅಪರೂಪ. ಪೂರ್ತಿ ತೆಗ್ದಿದೀನಿ. ಆಗಾಗ ಬಂದು ತೋರಿಸಿ."

ಅಡುಗೆಮನೆಗೆ ಓಡಿ ಅತ್ತೆಗೆ ಹೇಳಿದೆ, ಈ ಸಲ ಎಲ್ಲಿ, ಎಂತ ಎಂದು ಬಿಡಿಸಿ. ಅವರು ಒಲೆ ಸಣ್ಣ ಮಾಡಿ ಬಾಗಿಲ ಕಡೆ ನೋಡಿದರು.

"ತೆಗೆಯುವಾಗ ನೋವಾಯ್ತಾ?"

"ಇಲ್ಲ ಅತ್ತೆ, ಇಂಜೆಕ್ಷನ್ ಕೊಡ್ತಾರೆ."

"ಎಷ್ಟು ದೊಡ್ಡದಿತ್ತು?"

"ನಿಂಬೆಹಣ್ಣಿನಷ್ಟು."

"ನಂದು ಅದಕ್ಕಿಂತ ದೊಡ್ಡದಿದೆ ಮಾರಾಯ್ತಿ. ನಿನ್ನ ಮದ್ವೆಗಿಂತ ಮುಂಚಿಂದ."

ಬೆಳಿಗ್ಗೆ ಮೊದಲ ಬಸ್ಸಿಗೇ ಅವರ ಕೈ ಹಿಡಿದು ಹತ್ತಿಸಿದೆ. ದಾರಿಯುದ್ದಕ್ಕೂ ನನ್ನೆದೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಸಾಗರದಲ್ಲಿ ಡಾಕ್ಟರು ಏನಾಗ್ತಿದೆ ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಹೊಟ್ಟೆನೋವು."

"ಸುಳ್ಳು ಹೇಳ್ತಿದಾರೆ ಡಾಕ್ಟ್ರೇ," ಎಂದೆ ನಾನು.