ಬಲಮೂಲೆಯ ಗಂಟುಗಳು

ನನ್ನ ಮಗಳು ಐದು ವರ್ಷದಿಂದ ಸೇಲಂನ ಬೇಸ್‌ಬಾಲ್ ತಂಡದ ರೈಟ್ ಫೀಲ್ಡರ್. ಮೈದಾನದ ಬಲಗಡೆ ದೂರದ ಮೂಲೆಯಲ್ಲಿ ನಿಂತು, ಹಾರಿ ಬರುವ ಚೆಂಡು ಹಿಡಿಯುವುದು ಅವಳ ಕೆಲಸ. ರಾಜ್ಯ ತಂಡದ ಆಯ್ಕೆಯ ದಿನ ಆಯ್ಕೆಗಾರರು ಬ್ಯಾಟಿಂಗ್ ಪಟ್ಟಿಯನ್ನಷ್ಟೇ ನೋಡಿ ಅವಳನ್ನು ಬಿಟ್ಟರು. ಹಿಡಿದ ಚೆಂಡುಗಳ ದಾಖಲೆ ತಂಡದವರಲ್ಲಿ ಇರಲೇ ಇಲ್ಲ.

ನನ್ನ ಹೆಂಡತಿಯ ಹತ್ತಿರ ಇತ್ತು. ಅವಳಿಗೆ ಬರೆಯಲು ಬಾರದು. ಮಗ್ಗದಲ್ಲಿ ಸೀರೆ ಮುಗಿದಾಗಲೆಲ್ಲ ಲೆಕ್ಕಕ್ಕೆಂದು ನೂಲಿಗೆ ಒಂದು ಗಂಟು ಹಾಕುವವಳು, ಪ್ರತಿ ಪಂದ್ಯದಲ್ಲೂ ಕೂತು, ಹಿಡಿದ ಚೆಂಡಿಗೆ ಬಿಳಿ ನೂಲಿನಲ್ಲಿ, ಬಿಟ್ಟ ಚೆಂಡಿಗೆ ಕೆಂಪು ನೂಲಿನಲ್ಲಿ ಗಂಟು ಹಾಕಿದ್ದಳು.

"ಕೆಂಪುದ್ನ ತೋರಿಸ್ಬ್ಯಾಡಿ, ಮಾನ ಓಯ್ತೈತೆ," ಎಂದಳು.

"ಸುಮ್ಕಿರು, ಅದ್ನೇ ಮೊದ್ಲು ತೋರ್ಸೋದು," ಎಂದೆ. ತಲೆಯ ಮೇಲೆ ಸೀರೆ ಹೊತ್ತು ಮಾರಿ ಅಂಗಡಿ ಕಟ್ಟಿದವನು ನಾನು. ನೀವೂ ಏನಾದರೂ ಮಾರುವವರಾದರೆ ಕೇಳಿ: ಕುಂದನ್ನು ಮೊದಲು ತೋರಿಸಿದರೆ, ಆಮೇಲೆ ಹೇಳಿದ್ದನ್ನೆಲ್ಲ ಗಿರಾಕಿ ನಂಬುತ್ತಾನೆ.

ಎರಡೂ ನೂಲು ಹಿಡಿದು ಆಯ್ಕೆಗಾರರ ಮೇಜಿನ ಬಳಿ ಹೋದೆ. "ಏನ್ ಸಾರ್, ನೂಲು ಮಾರೋಕ್ ಬಂದ್ರಾ?" ಎಂದು ಅವರು ತಮಿಳಿನಲ್ಲಿ ಕೇಳಿ ನಕ್ಕರು. ವಿಷಯ ತಿಳಿಸಿ ಕೆಂಪು ನೂಲು ಕೊಟ್ಟೆ. ಏಳೇ ಗಂಟು. ಬಿಳಿಯದನ್ನು ಬಿಚ್ಚುತ್ತಾ ಹೋದೆ, ಮೇಜು ತುಂಬಿತು. ಅವರು ಎಣಿಸುವುದನ್ನು ಬಿಟ್ಟು ಬ್ಯಾಟ್ ಎತ್ತಿಕೊಂಡರು. "ಗ್ಲೌಸ್ ಹಾಕ್ಕೊಳ್ಳಮ್ಮಾ, ಓಡು!"

ಹತ್ತು ಚೆಂಡು ಹೊಡೆದರು. ಮಗಳು ಒಂಬತ್ತು ಹಿಡಿದಳು. ಅವರು ಪಟ್ಟಿಯಲ್ಲಿ ಅವಳ ಹೆಸರು ಬರೆದು ಮುಗಿಸುವ ಮೊದಲೇ, ನನ್ನ ಹೆಂಡತಿ ಕೆಂಪು ನೂಲಿಗೆ ಎಂಟನೆಯ ಗಂಟು ಬಿಗಿದಿದ್ದಳು.